ಏರಲು ದಮ್ಮಿತ್ತು, ಇಳಿಯಲು ಕಾಲಿರಲಿಲ್ಲ: ಬಾದಾಮಿ ಗುಡ್ಡದ ಒಂದು ಪ್ರಕರಣ

ಬಾಗಲಕೋಟೆ ನವನಗರದ ಹೈಸ್ಕೂಲ್ ಮಾಸ್ತರೊಬ್ಬರ ಪ್ರಕರಣ ಇದು. ವಯಸ್ಸು 41, ತೂಕ 66 ಕೆ.ಜಿ. ಬಿಪಿ, ಶುಗರ್ ಯಾವುದೂ ಇಲ್ಲ. "ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಬರೀರಿ" ಅಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ ಮಾಸ್ತರು. ನಾನು ಇದೇ ಊರಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ರೇಸ್ ಮುಗಿದು ಎರಡು ದಿನಕ್ಕೆ, ಮಂಗಳವಾರ ಸಂಜೆ ಅವರು ನನ್ನ ಹತ್ತಿರ ಬಂದರು. ಕೂತ ತಕ್ಷಣ ಕೇಳಿದ್ದು ಕಾಲಿನ ಬಗ್ಗೆ ಅಲ್ಲ. "ಸೋಡಿಯಂ ಟೆಸ್ಟ್ ಮಾಡಿಸಬೇಕೇನ್ರಿ ಡಾಕ್ಟರ?" ಅಂತ.

ಯಾಕೆ ಹಾಗೆ ಕೇಳಿದರು ಅನ್ನೋದೇ ಈ ಪ್ರಕರಣದ ತಿರುಳು. ಗುಡ್ಡದ ಮೇಲೆ ಅವರ ಕಾಲು ಕೈಕೊಟ್ಟಾಗ ಸುತ್ತ ಇದ್ದವರೆಲ್ಲ ಒಂದೇ ಮಾತು ಹೇಳಿದ್ದರು: ನೀರು ಕಮ್ಮಿ ಆಗಿದೆ, ಉಪ್ಪು ಕಮ್ಮಿ ಆಗಿದೆ. ಅವರೂ ಅದನ್ನೇ ನಂಬಿದ್ದರು. ಸೋಡಿಯಂ ಅಂದರೆ ಉಪ್ಪಿನೊಳಗಿನ ಅಂಶವೇ ತಾನೇ.

ಹಿನ್ನೆಲೆ

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸೈಕಲ್ ರೇಸ್ ಹೊಸದಲ್ಲ. ರಾಷ್ಟ್ರ ಮಟ್ಟದಲ್ಲಿ ಪದಕ ತಂದ ಎಷ್ಟೋ ಹುಡುಗ ಹುಡುಗಿಯರು ಈ ಎರಡು ಜಿಲ್ಲೆಗಳ ಹಳ್ಳಿಗಳಿಂದಲೇ ಹೋದವರು. ಮಾಸ್ತರು ಕೂಡ ಹೈಸ್ಕೂಲಿನಲ್ಲಿದ್ದಾಗ ಜಿಲ್ಲಾ ಮಟ್ಟದಲ್ಲಿ ಸೈಕಲ್ ಹೊಡೆದವರು. ನೌಕರಿ, ಮದುವೆ, ಮಕ್ಕಳು ಅಂತ ಬಿಟ್ಟುಹೋಯಿತು. 2020ರ ಲಾಕ್‌ಡೌನ್ ಮುಗಿದ ಮೇಲೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಒಂದು ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್ (ಮೌಂಟನ್ ಬೈಕ್) ತಗೊಂಡರು. ಈಗ ವಾರಕ್ಕೆ ನಾಲ್ಕು ದಿನ ಬೆಳಗಿನ ಜಾವ ಸೈಕಲ್. ರವಿವಾರ ಬಾದಾಮಿ, ಇಲ್ಲಾ ಗುಳೇದಗುಡ್ಡದ ಕಡೆ. ಓಟ ಮಾತ್ರ ಆಮೇಲೆ ಬಂದದ್ದು. ನವನಗರದ ಸಪಾಟು ರಸ್ತೆಯಲ್ಲಿ ಹತ್ತು ಕಿ.ಮೀ. ಓಡುತ್ತಿದ್ದರು, ಅಷ್ಟೇ. ಸೈಕಲ್‌ನಿಂದ ಬಂದ ದಮ್ಮು ಇತ್ತಲ್ಲ, ಓಟ ಸುಲಭವಾಗಿಯೇ ಹತ್ತಿತು.

ಅದೇ ಅವರನ್ನು ದಾರಿ ತಪ್ಪಿಸಿದ್ದು.

ಅವರು ಹೆಸರು ಕೊಟ್ಟ ರೇಸ್ ಎರಡು ದಿನದ್ದು. ಬಾದಾಮಿ ಸುತ್ತಮುತ್ತ, ನವೆಂಬರ್ ಕೊನೆಗೆ. ಶನಿವಾರ ಸುಮಾರು 40 ಕಿ.ಮೀ. ಎಂಟಿಬಿ, ರವಿವಾರ 21 ಕಿ.ಮೀ. ಗುಡ್ಡದ ಓಟ. ಎರಡರ ಸಮಯ ಕೂಡಿಸಿ ನಂಬರ್ ಕೊಡುತ್ತಾರೆ. ಗೆಳೆಯರ ಬಳಗದವರು ನಡೆಸುವ ಸಣ್ಣ ರೇಸ್ ಅದು, ದೊಡ್ಡ ಬಹುಮಾನ ಏನಿಲ್ಲ. ಆದರೂ ಬಂದವರು ಜೀವ ಬಿಟ್ಟು ಓಡುತ್ತಾರೆ, ಅದು ಬೇರೆ ಮಾತು.

ಶನಿವಾರ

ಬಾದಾಮಿ ಕಡೆಯ ನೆಲ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಊರ ಹೊರಗೆ ಮಸಾರಿ (ಕೆಂಪು ಮಣ್ಣಿನ) ಹೊಲದ ಬಂಡಿದಾರಿ, ಹಳ್ಳಕ್ಕೆ ಇಳಿದರೆ ಮೆತ್ತನೆಯ ಉಸುಕು, ಗುಡ್ಡ ಹತ್ತಿದರೆ ಹಾಸುಗಲ್ಲು. ಇದೆಲ್ಲ ಕಲಾದಗಿ ಶಿಲಾಶ್ರೇಣಿಯ ಮರಳುಗಲ್ಲು. ಚಾಲುಕ್ಯರು ಗುಹೆ ಕೊರೆದದ್ದು ಇದೇ ಕಲ್ಲಿನಲ್ಲಿ. ಒಣಗಿದ್ದಾಗ ಟೈರು, ಬೂಟು ಗಟ್ಟಿ ಹಿಡಿಯುತ್ತವೆ. ಮೇಲೆ ಒಂದು ಪದರ ಉಸುಕು ಬಿದ್ದಿದ್ದರೆ ಮಾತ್ರ ಜಾರುತ್ತದೆ.

ಮಾಸ್ತರು ಟೈರಿಗೆ 50 ಪಿಎಸ್‌ಐ ಗಾಳಿ ಹೊಡೆಸಿದ್ದರು. ಜಾಲಿಮುಳ್ಳಿನ ಹೆದರಿಕೆ. ನಮ್ಮ ಕಡೆ ಸೈಕಲ್‌ನವರಲ್ಲಿ ಇದೊಂದು ಗಟ್ಟಿ ನಂಬಿಕೆ: ಗಾಳಿ ಜಾಸ್ತಿ ಇದ್ದರೆ ಪಂಕ್ಚರ್ ಆಗಲ್ಲ. ಅರ್ಧ ನಿಜ ಅದು. ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹರಿಯುವುದು ತಪ್ಪುತ್ತದೆ. ಆದರೆ ಜಾಲಿಮುಳ್ಳು, ನೆಗ್ಗಿಲಮುಳ್ಳು ಗಾಳಿ ಎಷ್ಟಿದೆ ಅಂತ ಕೇಳಿ ಚುಚ್ಚುವುದಿಲ್ಲ. ಅಷ್ಟು ಗಾಳಿ ತುಂಬಿದ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದಷ್ಟೂ ಸೀಟಿನ ಮೇಲೆ ಕೂರಲು ಆಗಲ್ಲ. ಹಾಗಾಗಿ ಇಳಿಜಾರು ಪೂರ್ತಿ ಅವರು ಪೆಡಲ್ ಮೇಲೆ ನಿಂತು, ಮೊಣಕಾಲು ಬಗ್ಗಿಸಿಕೊಂಡೇ ಇಳಿದರು. ಅಂದರೆ ತೊಡೆಯ ಮುಂದಿನ ಸ್ನಾಯು ಅಷ್ಟು ಹೊತ್ತೂ ಬಿಗಿದುಕೊಂಡೇ ಇತ್ತು. ಮರುದಿನದ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಬೇಕು.

ಶನಿವಾರ ಅವರು ಮೊದಲ ಹತ್ತರೊಳಗೆ ಬಂದರು. ಖುಷಿಯಲ್ಲಿ ಒಂದು ಗ್ಲಾಸ್ ಶರಬತ್ತು ಕುಡಿದು ಮಲಗಿಬಿಟ್ಟರು. ರಾತ್ರಿ ಎರಡು ರೊಟ್ಟಿ, ಹೆಸರುಕಾಳು ಪಲ್ಯ. ಅನ್ನ ತಿಂದರೆ ಮೈ ಭಾರ ಆಗುತ್ತೆ ಅಂತ ಬಿಟ್ಟರಂತೆ. ಎರಡು ದಿನದ ರೇಸಿನ ನಡುವಿನ ರಾತ್ರಿ ಅನ್ನ ಬಿಡಬಾರದು. ಖಾಲಿಯಾದ ಸಕ್ಕರೆ ಸ್ನಾಯುವಿನಲ್ಲಿ ಮತ್ತೆ ತುಂಬಲು ಇಡೀ ದಿನವೇ ಬೇಕಾಗುತ್ತದೆ. ಮೊದಲ ಕೆಲವು ತಾಸು ಬಹಳ ಮುಖ್ಯ. ಆದರೂ ಮರುದಿನ ಆದ ಅನಾಹುತಕ್ಕೆ ಇದು ಮುಖ್ಯ ಕಾರಣ ಅಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ರವಿವಾರ

ಬೆಳಿಗ್ಗೆ ಆರೂವರೆಗೆ ಓಟ ಶುರು. ಚಳಿ ಇತ್ತು. ಮೊದಲ ಏರಿನಲ್ಲೇ ಮಾಸ್ತರು ಹತ್ತಾರು ಜನರನ್ನು ಹಿಂದೆ ಹಾಕಿದರು. ಗಡಿಯಾರದಲ್ಲಿ ಹೃದಯದ ಬಡಿತ ಸೈಕಲ್‌ನಲ್ಲಿ ನೋಡುವುದಕ್ಕಿಂತ ಹತ್ತು ಜಾಸ್ತಿ ತೋರಿಸುತ್ತಿತ್ತು, ಸ್ವಲ್ಪ ಗಾಬರಿ ಆಯಿತು ಅಂದರು. ಅದು ಮಾಮೂಲು. ಅಷ್ಟೇ ದಣಿವಿಗೆ ಓಟದಲ್ಲಿ ಬಡಿತ ಸೈಕಲ್‌ಗಿಂತ ಐದು-ಹತ್ತು ಮೇಲೆ ಇರುತ್ತದೆ. ಕೂತು ತುಳಿಯುವುದಕ್ಕೂ ಇಡೀ ಮೈ ಹೊತ್ತು ಓಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ದಾರಿ ಗುಡ್ಡ ಹತ್ತಿ, ಮೇಲೆ ಕುರುಚಲು ಗಿಡಗಳ ನಡುವೆ ಸಾಗಿ, ಮಹಾಕೂಟದ ಕಡೆ ಇಳಿದು, ಮತ್ತೆ ಹತ್ತಿ ವಾಪಸ್ ಬರುವಂಥದ್ದು. ಬಾದಾಮಿಯಿಂದ ಮಹಾಕೂಟಕ್ಕೆ ಹಳೆಯ ಕಾಲುದಾರಿ ಇದೆ. ಜಾತ್ರೆಗೆ ನಡೆದು ಹೋದವರಿಗೆ ಗೊತ್ತಿರುತ್ತದೆ. ಇಳಿಯುವಲ್ಲಿ ಕಲ್ಲಿನ ಮೆಟ್ಟಿಲು. ಒಂದು ಅರ್ಧ ಅಡಿ ಇದ್ದರೆ ಇನ್ನೊಂದು ಒಂದೂವರೆ ಅಡಿ, ಒಂದಕ್ಕೊಂದು ಅಳತೆ ಇಲ್ಲ. ಸಾವಿರಾರು ಜನ ತುಳಿದು ಅಂಚು ನುಣುಪಾಗಿವೆ.

ಇಳಿಜಾರಿನ ಮೊದಲರ್ಧ ಮಾಸ್ತರು ಗಟ್ಟಿಯಾಗಿಯೇ ಓಡಿದರು. ಪ್ರತಿ ಮೆಟ್ಟಿಲಿಗೂ ಕಾಲು ಮುಂದೆ ಚಾಚಿ, ಹಿಮ್ಮಡಿ ಊರಿ, ದೇಹವನ್ನು ತಡೆತಡೆದು ಇಳಿಸಿದರು. ಆಮೇಲೆ ಏನಾಯಿತು ಅನ್ನೋದನ್ನು ಅವರು ನನ್ನ ಮುಂದೆ ಎದ್ದು ನಿಂತು ಮಾಡಿ ತೋರಿಸಿದರು. ಬಲಗಾಲು ಊರಿದರು. ಮೊಣಕಾಲು ಬಗ್ಗಿತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಬಗ್ಗುತ್ತಲೇ ಹೋಯಿತು. ಮೆಟ್ಟಿಲ ಮೇಲೆ ಕುಸಿದು ಕೂತರು. ಎದ್ದು ಎಡಗಾಲು ಇಟ್ಟರು. ಅದೂ ಅಷ್ಟೇ. ಮೊಣಕಾಲಿನ ಮೇಲ್ಭಾಗ, ತೊಡೆಯ ಒಳಬದಿ ಪಟಪಟ ಅದುರುತ್ತಿತ್ತಂತೆ. ನೋವು ಅಂತ ಹೇಳುವಷ್ಟು ಇರಲಿಲ್ಲ. ಹಿಡಿತವೇ ಇರಲಿಲ್ಲ. ಆಮೇಲೆ ಅಡ್ಡಡ್ಡ ತಿರುಗಿ, ಪಕ್ಕದ ಬಂಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು.

ಕೆಳಗೆ ನೀರಿನ ಟೇಬಲ್ ಹತ್ತಿರ ಇದ್ದ ಹುಡುಗರು ನೋಡಿ, "ನೀರ ಕಮ್ಮಿ ಬಿದ್ದಾವ್ರಿ ಸರ್, ಕುಡೀರಿ, ಇನ್ನೊಂದ ಬಾಟ್ಲಿ ಕುಡೀರಿ" ಅಂತ ಒತ್ತಾಯ ಮಾಡಿದರು. ಮನಸ್ಸು ಒಳ್ಳೇದೇ. ಮಾಸ್ತರು ಅಲ್ಲಿಂದ ಕೊನೆಯವರೆಗೆ ಬರೀ ನೀರು ಸುಮಾರು ಮೂರು ಲೀಟರ್ ಕುಡಿದರು. ಹೊಟ್ಟೆ ಗುಳುಗುಳು. ಜೇಬಲ್ಲಿ ಅಮೀನಗಡದ ಕರದಂಟು ಇತ್ತು, ಒಂದು ತುಂಡು ತಿಂದರು. ಅದು ಗಂಟಲಿಂದ ಇಳಿಯಲಿಲ್ಲ. ಓಟ ಮುಗಿಯುವ ಹೊತ್ತಿಗೆ ಕೈಯ ಉಂಗುರ ಬಿಗಿಯಾಗಿತ್ತು.

ಒಟ್ಟು ನಾಲ್ಕು ತಾಸು ಇಪ್ಪತ್ತು ನಿಮಿಷ ಆಯಿತು. ಆಮೇಲೆ ಬನಶಂಕರಿಗೆ ಹೋಗಿ, ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಹತ್ತಿರ ರೊಟ್ಟಿ, ಮೊಸರು, ಕೆಂಪು ಹಿಂಡಿ ತಿಂದರು. ಒಂದು ತಾಸಿನಲ್ಲಿ ಜೀವ ಬಂತು. ಹಿಂಡಿಯಲ್ಲಿ ಉಪ್ಪಿತ್ತು, ತಿಂದ ಮೇಲೆ ಜೀವ ಬಂತು, ಅಂದಮೇಲೆ ಉಪ್ಪೇ ಕಮ್ಮಿ ಆಗಿದ್ದು. ಮಾಸ್ತರ ಲೆಕ್ಕ ಹೀಗೆ ಕೂತಿತು.

ನಾನು ಕಂಡದ್ದು

ಮಂಗಳವಾರ ನೋಡಿದಾಗ ಎರಡೂ ತೊಡೆಯ ಮುಂಭಾಗ, ಮೊಣಕಾಲಿಗೆ ನಾಲ್ಕು ಬೆರಳು ಮೇಲೆ, ಮುಟ್ಟಿದರೆ ಹೌಹಾರುವಷ್ಟು ನೋವು. ಮೀನಖಂಡ, ತೊಡೆಯ ಹಿಂಭಾಗ ಎರಡೂ ಆರಾಮ. ಒಂದು ಸ್ಟೂಲ್ ಹತ್ತಿಸಿ ನೋಡಿದೆ. ಹತ್ತಿದರು. ಇಳಿಯಿರಿ ಅಂದೆ, ಗೋಡೆ ಹಿಡಿದರು. ಶಾಲೆಯಲ್ಲಿ ಮಾಳಿಗೆ ಮೇಲಿನ ಕ್ಲಾಸಿನಿಂದ ಹಿಂದುಮುಂದಾಗಿ ಇಳಿದದ್ದಕ್ಕೆ ಮಕ್ಕಳು ನಕ್ಕರಂತೆ.

ಮೂತ್ರದ ಬಣ್ಣ ಕೇಳಿದೆ. ಮಾಮೂಲಿ ಇತ್ತು. ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಸ್ನಾಯು ಬಹಳ ಹಾಳಾದರೆ ಅದರೊಳಗಿನ ಪ್ರೋಟೀನ್ ರಕ್ತಕ್ಕೆ ಇಳಿದು ಕಿಡ್ನಿಗೆ ಪೆಟ್ಟು ಕೊಡಬಹುದು. ಆಗ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಕಂಡರೆ ಫಿಸಿಯೋ ಹತ್ತಿರ ಬರಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ನನ್ನ ತೀರ್ಮಾನ ಇಷ್ಟು: ಇದು ನೀರಿನ ತೊಂದರೆ ಅಲ್ಲ, ಉಪ್ಪಿನದೂ ಅಲ್ಲ. ಇಳಿಜಾರಿನ ಅಭ್ಯಾಸವೇ ಇಲ್ಲದ ತೊಡೆ ಇಳಿಜಾರಿನಲ್ಲಿ ಸೋತಿದೆ.

ಸ್ನಾಯು ಎರಡು ರೀತಿ ದುಡಿಯುತ್ತದೆ. ಗಿಡ್ಡವಾಗುತ್ತ ಎಳೆಯುವುದು ಒಂದು. ಉದ್ದವಾಗುತ್ತ ತಡೆಯುವುದು ಇನ್ನೊಂದು. ತುಂಬಿದ ಚಕ್ಕಡಿ ಇಳಿಜಾರಿಗೆ ಬಂದಾಗ ಎತ್ತುಗಳು ನೊಗಕ್ಕೆ ಕುತ್ತಿಗೆ ಕೊಟ್ಟು ಹಿಂದಕ್ಕೆ ಒತ್ತುತ್ತ, ಕಾಲು ಊರಿ ಇಳಿಯುವುದನ್ನು ನೋಡಿರುತ್ತೀರಿ. ಎಳೆಯುವುದರಲ್ಲಿ ಎಷ್ಟೇ ಗಟ್ಟಿ ಇದ್ದರೂ ತಡೆಯುವುದನ್ನು ಕಲಿಯದ ಜೋಡಿಗೆ ಇಳಿಜಾರಿನಲ್ಲಿ ಚಕ್ಕಡಿ ಕೊಡುವುದಿಲ್ಲ. ಸೈಕಲ್ ತುಳಿಯುವುದು ಹೆಚ್ಚುಕಮ್ಮಿ ಪೂರ್ತಿ ಎಳೆಯುವ ಕೆಲಸ. ತಡೆಯುವ ಕೆಲಸವನ್ನು ಅಲ್ಲಿ ಬ್ರೇಕ್ ಮಾಡುತ್ತದೆ. ಗುಡ್ಡ ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರದ ಎರಡು-ಮೂರು ಪಟ್ಟಿಗಿಂತ ಜಾಸ್ತಿ ಹೊಡೆತ ಬೀಳುತ್ತದೆ. ಅದನ್ನು ತಡೆಯುವುದು ತೊಡೆಯ ಮುಂದಿನ ಸ್ನಾಯು. ಮಾಸ್ತರ ತೊಡೆಗೆ ಆ ಕೆಲಸ ಹೊಸದು. ಅದೂ ಹಿಂದಿನ ದಿನ ಪೆಡಲ್ ಮೇಲೆ ನಿಂತು ದಣಿದ ತೊಡೆ.

ಉಪ್ಪು ಅಲ್ಲ ಅಂತ ಇಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀರಿ ಅಂತ ಮಾಸ್ತರು ಪಟ್ಟು ಹಿಡಿದರು. ಪಾಠ ಮಾಡುವವರಲ್ವಾ, ಸುಲಭಕ್ಕೆ ಒಪ್ಪಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ. ಮಹಾಕೂಟದಿಂದ ವಾಪಸ್ ಹತ್ತುವಾಗ ಹೇಗಿತ್ತು? ಸ್ವಲ್ಪ ಯೋಚನೆ ಮಾಡಿ, "ಹತ್ತೋದು ಆರಾಮ ಇತ್ರಿ, ಇಬ್ಬರನ್ನ ದಾಟಿದೆ" ಅಂದರು. ಅಲ್ಲಿಗೆ ಮುಗಿಯಿತು. ಮೈಯಲ್ಲಿ ನೀರು, ಉಪ್ಪು, ಸಕ್ಕರೆ ಖಾಲಿಯಾಗಿದ್ದರೆ ಏರಿನಲ್ಲಿ ಇನ್ನೂ ಹೆಚ್ಚು ಒದ್ದಾಡಬೇಕಿತ್ತು. ಇಳಿಯುವಾಗ ಮಾತ್ರ ಕೈಕೊಟ್ಟು ಹತ್ತುವಾಗ ಸರಿಹೋಗುವ ಉಪ್ಪಿನ ಕೊರತೆ ಎಲ್ಲೂ ಇಲ್ಲ. ನೋವು ಓಡುವಾಗ ಬರದೆ ಒಂದು-ಎರಡು ದಿನ ಬಿಟ್ಟು ಏರಿದ್ದು ಕೂಡ ಇದೇ ಮಾತು ಹೇಳುತ್ತದೆ. ಇಳಿಜಾರಿನ ನೋವು 24ರಿಂದ 72 ತಾಸಿನ ನಡುವೆ ತುದಿ ಮುಟ್ಟುತ್ತದೆ.

ಒಂದು ವೇಳೆ ಕಾಲು ಹಿಡಿದುಕೊಂಡಿದ್ದರೂ ನಾನು ಮೊದಲು ಉಪ್ಪಿನ ಕಡೆ ನೋಡುತ್ತಿರಲಿಲ್ಲ. 1990ರ ದಶಕದಿಂದಲೇ ದಕ್ಷಿಣ ಆಫ್ರಿಕಾದ ಸಂಶೋಧಕರು ಓಟಗಾರರ ಸ್ನಾಯುಸೆಳೆತಕ್ಕೆ ದಣಿದ ಸ್ನಾಯು ಮತ್ತು ನರಗಳ ನಡುವಿನ ಏರುಪೇರೇ ಕಾರಣ ಇರಬಹುದು ಅನ್ನುತ್ತ ಬಂದಿದ್ದಾರೆ. ಉಪ್ಪಿನ ವಾದ ಪೂರ್ತಿ ಸತ್ತಿಲ್ಲ. ಆದರೆ ಕಾಲು ಹಿಡಿದವರಿಗೆಲ್ಲ ಉಪ್ಪಿನ ಪುಡಿ ನೆಕ್ಕಿಸುವುದು ಬರೀ ಅಭ್ಯಾಸಬಲ.

ನನಗೆ ನಿಜವಾಗಿ ಹೆದರಿಕೆ ಆದದ್ದು ಆ ಬಿಗಿಯಾದ ಉಂಗುರದ ಮಾತು ಕೇಳಿ. ಮೈಯಲ್ಲಿ ನೀರು ಜಾಸ್ತಿಯಾಗಿ ಬೆರಳು ಊದಿದ ಗುರುತು ಅದು ಇರಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇಳಿದಿತ್ತು. ಓಡುತ್ತ ಓಡುತ್ತ ತೂಕ ಏರಿದವರಲ್ಲೇ ಇದು ಜಾಸ್ತಿ. ಅಂದರೆ ಕುಡಿದದ್ದು ಜಾಸ್ತಿಯಾದವರು. ಬಾಯಾರಿಕೆ ಇಲ್ಲದೆ ಮೂರು ಲೀಟರ್ ಬರೀ ನೀರು ಕುಡಿದ ಮಾಸ್ತರಿಗೆ ಸೋಡಿಯಂ ಇಳಿದೇ ಇದ್ದರೆ ಅದು ತೊಡೆ ಸೋತ ಮೇಲೆ, ಆ ಮದ್ದಿನಿಂದಲೇ ಇಳಿದಿರಬೇಕು. ಅದೃಷ್ಟಕ್ಕೆ ತಲೆನೋವು, ವಾಂತಿ, ಗೊಂದಲ ಯಾವುದೂ ಆಗಿರಲಿಲ್ಲ.

ಏನು ಮಾಡಿದೆವು

ಮೊದಲ ವಾರ ನಡಿಗೆ, ಹಗುರ ಸೈಕಲ್. ನೋವಿನ ಮಾತ್ರೆ ಬೇಡ, ಗಟ್ಟಿ ಮಾಲಿಷ್ ಬೇಡ. ಅಷ್ಟೇ.

ಆಮೇಲೆ ಶುರುವಾದದ್ದು ಇಳಿಯುವ ಅಭ್ಯಾಸ. "ಇಳಿಯೋಕೂ ಪ್ರ್ಯಾಕ್ಟೀಸ್ ಬೇಕೇನ್ರಿ?" ಅಂತ ಮಾಸ್ತರಿಗೆ ನಗು. ಬೇಕು. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ ಅನ್ನುವ 100 ಮೈಲಿ ಓಟದಲ್ಲಿ ಹತ್ತುವುದು ಸುಮಾರು 5,500 ಮೀಟರ್, ಇಳಿಯುವುದು 7,000 ಮೀಟರ್. ಅಲ್ಲಿಗೆ ಹೋಗುವವರು ತಿಂಗಳುಗಟ್ಟಲೆ ಇಳಿಯುವುದನ್ನೇ ಅಭ್ಯಾಸ ಮಾಡುತ್ತಾರೆ.

ಸ್ನಾಯುವಿನ ಒಂದು ಒಳ್ಳೆಯ ಗುಣ ಇಲ್ಲಿ ನಮಗೆ ಸಹಾಯ ಮಾಡಿತು. ಇಳಿಜಾರಿನ ಹೊಡೆತವನ್ನು ಒಮ್ಮೆ ಸ್ವಲ್ಪ ತಿಂದ ಸ್ನಾಯು, ಎರಡನೇ ಸಲ ಅದೇ ಹೊಡೆತಕ್ಕೆ ಅಷ್ಟು ನೋಯುವುದಿಲ್ಲ. ಆ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಮೊದಲು ಮನೆಯಲ್ಲಿ ಒಂದು ಇಟ್ಟಿಗೆ ಎತ್ತರದಿಂದ ಒಂಟಿ ಕಾಲಲ್ಲಿ, ಮೂರು ಎಣಿಸುತ್ತ ನಿಧಾನ ಇಳಿಯುವುದು. ಆಮೇಲೆ ಶಾಲೆಯ ಮೆಟ್ಟಿಲು. ಆಮೇಲೆ ರವಿವಾರ ಮಹಾಕೂಟದ ದಾರಿ, ಮೊದಲ ಸಲ ಹತ್ತೇ ನಿಮಿಷ ಇಳಿಜಾರು. ಅಷ್ಟಕ್ಕೇ ಎರಡು ದಿನ ತೊಡೆ ಬಿಗಿದುಕೊಂಡವು. ಎರಡು ವಾರ ಬಿಟ್ಟು ಅದೇ ಹತ್ತು ನಿಮಿಷ ಇಳಿದಾಗ ಮರುದಿನ ಏನೂ ಆಗಲಿಲ್ಲ. ಮಾಸ್ತರು ಪೂರ್ತಿ ನಂಬಿದ್ದು ಆ ದಿನ.

ಇಳಿಯುವ ರೀತಿಯನ್ನೂ ಬದಲಿಸಿದೆವು. ಕಾಲು ಮುಂದೆ ಚಾಚಬೇಡಿ. ಸಣ್ಣ ಸಣ್ಣ ಹೆಜ್ಜೆ ಬೇಗ ಬೇಗ ಇಡಿ. ಪಾದ ಮೈಯ ಕೆಳಗೇ ಬೀಳಲಿ. ಕಣ್ಣು ನಾಲ್ಕೈದು ಹೆಜ್ಜೆ ಮುಂದಿರಲಿ, ಕಾಲಿನ ಮೇಲೆ ಬೇಡ. ಹೇಳಲು ಸುಲಭ. ಹೆದರಿಕೆ ಬಂದ ತಕ್ಷಣ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಹಿಮ್ಮಡಿ ಊರುತ್ತಾರೆ. ಇದಕ್ಕೆ ಅಭ್ಯಾಸ ಬಿಟ್ಟರೆ ಬೇರೆ ದಾರಿ ಇಲ್ಲ.

ಸೈಕಲ್‌ಗೆ ಟ್ಯೂಬ್ ತೆಗೆಸಿ ಸೀಲೆಂಟ್ ಹಾಕಿಸಿದರು. ಗಾಳಿ 25 ಪಿಎಸ್‌ಐ ಸುತ್ತಮುತ್ತ. ಸಣ್ಣ ಮುಳ್ಳು ಚುಚ್ಚಿದರೆ ಒಳಗಿನ ದ್ರವವೇ ತೂತು ಮುಚ್ಚುತ್ತದೆ. ಕರದಂಟು ಒಳ್ಳೇದೇ, ಆದರೆ ತುಪ್ಪ, ಕೊಬ್ಬರಿ, ಗೋಡಂಬಿ ಓಡುವ ಹೊಟ್ಟೆಯಲ್ಲಿ ಬೇಗ ಕರಗಲ್ಲ. ಅದನ್ನು ರೇಸ್ ಮುಗಿದ ಮೇಲೆ ತಿನ್ನಿ ಅಂದೆ. ದಾರಿಯಲ್ಲಿ ಬೆಲ್ಲ, ಬಾಳೆಹಣ್ಣು, ಲಿಂಬೆ ಶರಬತ್ತು, ತಾಸಿಗೆ 40ರಿಂದ 60 ಗ್ರಾಂ ಸಕ್ಕರೆ ಸಿಗುವಷ್ಟು. ಬಿಸಿಲು ಜಾಸ್ತಿ ಇದ್ದರೆ ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಓಆರ್‌ಎಸ್. ಬಾಯಾರಿದಷ್ಟೇ ಕುಡಿಯುವುದು, ಟೇಬಲ್ ಕಂಡಾಗಲೆಲ್ಲ ಅಲ್ಲ.

ಮುಂದಿನ ವರ್ಷ

ಅದೇ ರೇಸ್. ಆದರೆ ಶುಕ್ರವಾರ ರಾತ್ರಿ ಅಕಾಲ ಮಳೆ ಹೊಡೆಯಿತು. ಈ ಸಲ ಎಂಟಿಬಿ ದಾರಿಯ ಒಂದು ತುಂಡು ಎರಿ (ಕಪ್ಪು ಮಣ್ಣಿನ) ಹೊಲದ ನಡುವೆ ಹಾದುಹೋಗಿತ್ತು. ಎರಿ ಮಣ್ಣು ಹಸಿ ಇದ್ದಾಗ ಸೈಕಲ್ ಹೊಡೆದವರಿಗೇ ಗೊತ್ತು ಆ ಕಷ್ಟ. ಟೈರಿಗೆ ಮೆತ್ತುತ್ತದೆ, ಮೆತ್ತಿದ್ದರ ಮೇಲೆ ಮತ್ತೆ ಮೆತ್ತುತ್ತದೆ, ಫೋರ್ಕ್ ನಡುವೆ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿಯಿಂದ ಕೆರೆದು ತೆಗೆದರೆ ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ. ಮಾಸ್ತರು ಸೈಕಲ್ ಹೆಗಲ ಮೇಲೆ ಹಾಕಿಕೊಂಡು ನಡೆದರು. ಎಲ್ಲರೂ ಹಾಗೇ ನಡೆದರು. ಆದರೂ ಅವರ ನಂಬರ್ ಹಿಂದಿನ ವರ್ಷಕ್ಕಿಂತ ಕೆಳಗೆ ಹೋಯಿತು. ಮಣ್ಣು ತುಂಬಿ ಗೇರ್ ಕೊನೆಯವರೆಗೂ ಸರಿಯಾಗಿ ಬೀಳಲಿಲ್ಲ.

ರವಿವಾರದ ಓಟ ಮಾತ್ರ ಬೇರೆಯೇ ಆಯಿತು. ಮೆಟ್ಟಿಲ ಇಳಿಜಾರಿನಲ್ಲಿ ಒಮ್ಮೆಯೂ ಕೂರಲಿಲ್ಲ. ಹಿಂದಿನ ಸಲಕ್ಕಿಂತ ಮುಕ್ಕಾಲು ತಾಸು ಮೊದಲೇ ಮುಗಿಸಿದರು. ಇದೆಲ್ಲ ಇಟ್ಟಿಗೆ ಹತ್ತಿ ಇಳಿದದ್ದರ ಫಲ ಅಂತ ನಾನು ಹೇಳಲ್ಲ. ಮಳೆಯಿಂದ ಹವೆ ತಂಪಾಗಿತ್ತು. ದಾರಿ ಗೊತ್ತಿತ್ತು. ಶನಿವಾರ ರಾತ್ರಿ ಅನ್ನ ಹೊಟ್ಟೆ ತುಂಬ ತಿಂದಿದ್ದರು. ಆದರೆ ಮಂಗಳವಾರ ನೋಡಿದಾಗ ತೊಡೆಯಲ್ಲಿ ಮುಟ್ಟಿದರೆ ನೋಯುವ ಜಾಗ ಹುಡುಕಬೇಕಾಯಿತು. ಅದಕ್ಕೆ ತಂಪು ಹವೆ ಕಾರಣ ಅಲ್ಲ.

ಹೊಸ ತಕರಾರು ಒಂದು ಹುಟ್ಟಿದೆ. ಎಡ ಮೊಣಕಾಲಿನ ಹೊರಬದಿ, ಇಳಿಯಲು ಶುರು ಮಾಡಿ ಇಪ್ಪತ್ತು ನಿಮಿಷಕ್ಕೆ ಚುಚ್ಚಿದಂಥ ನೋವು. ರೇಸ್ ಆದಮೇಲೆ ಹುರುಪು ಜಾಸ್ತಿಯಾಗಿ ವಾರಕ್ಕೆ ಮೂರು ಸಲ ಗುಡ್ಡ ಇಳಿಯತೊಡಗಿದ್ದರು. ಸೊಂಟದಿಂದ ಮೊಣಕಾಲಿನ ತನಕ ತೊಡೆಯ ಹೊರಗೆ ಬರುವ ಪಟ್ಟಿಯ ತೊಂದರೆ ಇದು. ಓಟಗಾರರಿಗೂ ಬರುತ್ತೆ, ಸೀಟು ಎತ್ತರ ಇಟ್ಟುಕೊಂಡ ಸೈಕಲ್‌ನವರಿಗೂ ಬರುತ್ತೆ. ಮಾಸ್ತರು ಎರಡೂ ಆಗಿರುವುದರಿಂದ ಯಾವುದು ಕಾರಣ ಅಂತ ಬೇರ್ಪಡಿಸಬೇಕಿದೆ. ಸದ್ಯಕ್ಕೆ ಸೀಟು ಅರ್ಧ ಸೆಂಟಿಮೀಟರ್ ಕೆಳಗಿಳಿಸಿದ್ದೇವೆ. ಗುಡ್ಡ ವಾರಕ್ಕೆ ಒಂದೇ ಸಲ, ಸೊಂಟದ ಪಕ್ಕದ ಸ್ನಾಯುವಿಗೆ ದಿನಾ ವ್ಯಾಯಾಮ. ಮುಂದಿನ ತಿಂಗಳು ಮತ್ತೆ ಸ್ಟೂಲ್ ಹತ್ತಿಸಿ, ಇಳಿಸಿ ನೋಡಬೇಕು.